ಶನಿವಾರವೋ, ಸೋಮವಾರವೋ

ಮುಹೂರ್ತ ಯಾವತ್ತು ಅಂತ ಐದು ದಿನ ಮುಂಚೆ ಹೇಳಿದರೆ ಬೀಗರು ಛತ್ರದ ಬಾಗಿಲಲ್ಲೇ ಜಗಳ ತೆಗೆಯುತ್ತಾರೆ. ಅಮೆರಿಕನ್ ಫುಟ್‌ಬಾಲಿನ ಲೀಗ್ ಆದ ಎನ್‌ಎಫ್‌ಎಲ್‌ನ ಅಭಿಮಾನಿಗಳು ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ. ಲೀಗ್ ಹಂತದ ಕೊನೆಯದಾದ ಹದಿನೆಂಟನೇ ವಾರದ ಭಾನುವಾರ ರಾತ್ರಿ ವೈಲ್ಡ್ ಕಾರ್ಡ್, ಅಂದರೆ ನಾಕೌಟಿನ ಮೊದಲ ಸುತ್ತಿನ, ಪಂದ್ಯಗಳ ಪಟ್ಟಿ ಹೊರಬೀಳುತ್ತದೆ: ಶನಿವಾರ ಎರಡು, ಭಾನುವಾರ ಮೂರು, ಸೋಮವಾರ ಒಂದು. ಶನಿವಾರಕ್ಕೆ ಬಿದ್ದರೆ ನಡುವೆ ಐದೇ ದಿನ. ಟಿಕೆಟ್ಟು, ವಿಮಾನ, ಆಫೀಸಿನ ರಜೆ ಎಲ್ಲ ಅಷ್ಟರಲ್ಲೇ.  ಸೋಮವಾರಕ್ಕೆ ಬಿದ್ದರೆ ಏನಾಗುತ್ತದೆಂಬುದಕ್ಕೆ ನ್ಯೂಯಾರ್ಕ್ ರಾಜ್ಯದ ಬಫಲೋದ ಹಿಮದ ಸಮಾಚಾರ ಕೇಳಿ.

2024ರ ಜನವರಿ 14, ಭಾನುವಾರ ಮಧ್ಯಾಹ್ನ ಒಂದಕ್ಕೆ ಬಫಲೋದ ಬಿಲ್ಸ್ ಮತ್ತು ಪಿಟ್ಸ್‌ಬರ್ಗಿನ ಸ್ಟೀಲರ್ಸ್ ತಂಡಗಳ ಪಂದ್ಯ ನಡೆಯಬೇಕಿತ್ತು. ಹಿಮಗಾಳಿ ಎದ್ದಿತು, ಪಂದ್ಯ ಸೋಮವಾರ 4:30ಕ್ಕೆ ಹೋಯಿತು. ಈರಿ ಸರೋವರ ಹೆಪ್ಪುಗಟ್ಟದೆ ಇದ್ದಾಗ ತಣ್ಣನೆಯ ಗಾಳಿ ಅದರ ಮೇಲೆ ಹಾದು, ತೇವ ಹೀರಿಕೊಂಡು, ದಡ ಮುಟ್ಟಿದೊಡನೆ ಸುರಿದುಬಿಡುತ್ತದೆ. ಅದೂ ಊರಿಗೆಲ್ಲ ಸಮನಾಗಿ ಅಲ್ಲ, ಸೀಳಿದ ಪಟ್ಟಿಯ ಹಾಗೆ. ಬಿಲ್ಸ್ ಆಗ ಆಡುತ್ತಿದ್ದ ಆರ್ಚರ್ಡ್ ಪಾರ್ಕಿನ ಸ್ಟೇಡಿಯಂಗೆ ಸೂರಿರಲಿಲ್ಲ. ಎಪ್ಪತ್ತು ಸಾವಿರ ಸೀಟೂ ಮುಚ್ಚಿಹೋದವು. ಸಲಿಕೆ ಹಿಡಿಯುವವರಿಗೆ ಗಂಟೆಗೆ 20 ಡಾಲರ್ ಕೂಲಿ ಎಂದು ಕ್ಲಬ್ಬಿನವರು ಕರೆ ಕೊಟ್ಟರು. ಹಿಮ ತೆಗೆಯುವುದು ಅಂಗಳ ಗುಡಿಸಿದಂತಲ್ಲ. ಕೆಳಗಿನ ಸಾಲು ಮೊದಲು ಬಳಿದರೆ ಮೇಲಿನ ಸಾಲಿನದು ಅದರ ಮೇಲೇ ಬಂದು ಬೀಳುತ್ತದೆ. ಆದ್ದರಿಂದ ಮೇಲಿನಿಂದಲೇ ಇಳಿಯಬೇಕು. ಇಳಿಯುವಷ್ಟರಲ್ಲಿ ಮೇಲೆ ಮತ್ತೆ ಬಿದ್ದಿರುತ್ತದೆ. ಕೊನೆಗೆ ಎಷ್ಟೋ ಜನ ಟಿಕೆಟ್ಟಿಗೆ ದುಡ್ಡು ಕೊಟ್ಟು ಬಂದು ತಮ್ಮ ಸೀಟನ್ನು ತಾವೇ ಅಗೆದುಕೊಂಡು ಕೂತರು. ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಅಂಕ ಗಳಿಸಿದ್ದು, ಆದಾಗಲೆಲ್ಲ ಬೊಗಸೆ ತುಂಬ ಹಿಮ ಮೇಲಕ್ಕೆ ಎರಚಿದರು. ಅವತ್ತು ನಮ್ಮಲ್ಲಿ ಸಂಕ್ರಾಂತಿ. ಇಲ್ಲಿ ಎಳ್ಳು ಬೀರಿದರು, ಅಲ್ಲಿ ಹಿಮ. ಬಿಲ್ಸ್ 31-17ರಿಂದ ಗೆದ್ದಿತು.

ಗೆದ್ದವರಿಗೆ ಮುಂದಿನ ಭಾನುವಾರವೇ ಕಾನ್ಸಾಸ್ ಸಿಟಿಯ ಚೀಫ್ಸ್ ತಂಡ ಎದುರು. ಚೀಫ್ಸ್ ಆಡಿ ಮುಗಿಸಿದ್ದು ಶನಿವಾರ. ಅವರಿಗೆ ನಡುವೆ ಏಳು ದಿನ, ಬಿಲ್ಸ್‌ಗೆ ಐದು. ಎರಡು ದಿನ ಏನು ಮಹಾ ಎನ್ನುವವರು ಮಂಡಿಗೆ ಐಸ್ ಕಟ್ಟಿಕೊಂಡು ಕೂತವರಲ್ಲ. ಭಾನುವಾರ ಆಡಿದವರಿಗೆ ಮಂಗಳವಾರ ಸಾಮಾನ್ಯವಾಗಿ ರಜೆ, ಬುಧವಾರ ಅಭ್ಯಾಸ. ಸೋಮವಾರ ಆಡಿದವರಿಗೆ ಮಂಗಳವಾರ ಚಿಕಿತ್ಸೆಗೇ ಸರಿ; ಬುಧವಾರ ಓಡುವ ಬದಲು ನಡೆದೇ ಪಾಠ ಒಪ್ಪಿಸುತ್ತಾರೆ. ಚೀಫ್ಸ್ ಎದುರಿನ ಆ ಪಂದ್ಯದ ಕೊನೆಯ ಎರಡು ನಿಮಿಷದೊಳಗೆ ಬಿಲ್ಸ್‌ನ ಟೈಲರ್ ಬಾಸ್ 44 ಗಜದಿಂದ ಒದ್ದ ಚೆಂಡು ಗುರಿ ತಪ್ಪಿ ಕಂಬದ ಬಲಕ್ಕೆ ಹೋಯಿತು. 27-24, ಚೀಫ್ಸ್ ಪಾಲು. ಒದೆಯುವವನ ಕಾಲಿಗೆ ವಿಶ್ರಾಂತಿ ಸಾಲಲಿಲ್ಲ ಎಂದು ವಾದಿಸುವುದು ಅಧಿಕಪ್ರಸಂಗವೇ. ಆದರೂ ವಾದಿಸಬೇಕೆನಿಸುತ್ತದೆ.

ಹಾಗೆಂದು ಶನಿವಾರವೇನು ಸುಖವೇ? ಚೀಫ್ಸ್ ಆ ಶನಿವಾರ ಆಡಿದ್ದು ಕಾನ್ಸಾಸ್ ಸಿಟಿಯಲ್ಲಿ, ರಾತ್ರಿ ಏಳಕ್ಕೆ, ಮೈನಸ್ 20 ಡಿಗ್ರಿಯಲ್ಲಿ. ಡಿಕ್ಕಿ ಹೊಡೆದು, ಚೀಫ್ಸ್ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಹೆಲ್ಮೆಟ್ಟಿನ ಒಂದು ಚೂರು ಹಾರಿತು. ಬದಲಿಗೆ ತಂದದ್ದು ಹೊರಗೇ ಇಟ್ಟು ಮರಗಟ್ಟಿತ್ತು, ತಲೆಗೆ ಇಳಿಯಲೇ ಒಲ್ಲದು. ಬಿಸಿಲಿರುವಾಗ ಆಡಿಸಿದ್ದರೆ ಯಾರ ಗಂಟು ಹೋಗುತ್ತಿತ್ತು? ಪೀಕಾಕ್ ಎಂಬ ಸ್ಟ್ರೀಮಿಂಗ್ ಸೇವೆಯದು. ಆಡಿದ ಎರಡು ತಂಡಗಳ ಊರು ಬಿಟ್ಟರೆ ದೇಶದ ಉಳಿದೆಡೆ ಟಿವಿಯಲ್ಲಿ ಅದರ ಚಂದಾದಾರರಿಗಷ್ಟೇ ಮೀಸಲಾಗಿದ್ದ ಪಂದ್ಯ ಅದು.

ಬೆಂಗಳೂರಿನಲ್ಲಿ ಕೂತು ನೋಡುವವರ ಲೆಕ್ಕವೇ ಬೇರೆ. ಅಮೆರಿಕದ ಪೂರ್ವ ಭಾಗದಲ್ಲಿ ಭಾನುವಾರ ಸಂಜೆ 4:30 ಅಂದರೆ ಇಲ್ಲಿ ಸೋಮವಾರ ಬೆಳಗಿನ ಜಾವ ಮೂರು ಗಂಟೆ. ಅಲ್ಲಿ ಸೋಮವಾರ ರಾತ್ರಿ ಎಂಟು ಅಂದರೆ ಇಲ್ಲಿ ಮಂಗಳವಾರ ಆರೂವರೆ, ಹಾಲು ಕಾಯಿಸುವ ಹೊತ್ತು. ಅವರ ಮಟ್ಟಿಗೆ ಸೋಮವಾರ ರಾತ್ರಿಯ ಪಂದ್ಯ ಅನುಕೂಲದ್ದೇ.