ಕೈಗಡಿಯಾರ ಬಿಚ್ಚಿ ನನ್ನ ಮುಖಕ್ಕೆ ಹಿಡಿದವರಿಗೆ

ಗಡಿಯಾರದ ಮುಳ್ಳು ಬಲಕ್ಕೆ ತಿರುಗುತ್ತದೆ. ಅದು ನನಗೆ ಗೊತ್ತಿದೆ. ಹತ್ತೊಂಬತ್ತು ವರ್ಷಗಳಿಂದ ಟ್ಯಾಂಕುಗಳಿಗೆ ಕಲಕುವ ಯಂತ್ರ ಕೂರಿಸುತ್ತಿರುವ ನಾನು ಇವತ್ತು ಹನ್ನೊಂದು ಜನರ ಎದುರು ನಿಂತು ಇದನ್ನು ಬಾಯಿಬಿಟ್ಟು ಹೇಳಬೇಕಾಯಿತು. ಮನೆಗೆ ಬಂದು ನಾಲ್ಕು ಗಂಟೆಯಾದರೂ ಊಟ ಸೇರುತ್ತಿಲ್ಲ.

ಕಾರ್ಖಾನೆಯಲ್ಲಿ ಮುರುಗಲ ಪಾಕದ ಎರಡನೆಯ ಬ್ಯಾಚು ತಳ ಹಿಡಿದದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸಾವಿರ ಲೀಟರಿನ ಟ್ಯಾಂಕಿನ ತಳದಲ್ಲಿ ಸಕ್ಕರೆ ನಾಲ್ಕು ಬೆರಳು ದಪ್ಪ ಕೂತು, ಟ್ಯಾಂಕಿನ ಹೊರಕವಚದಲ್ಲಿ, ಅಂದರೆ ಜಾಕೆಟ್ಟಿನಲ್ಲಿ, ಹರಿಯುವ ಹಬೆಗೆ ಸುಟ್ಟು, ಜೋನಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಏಪ್ರಿಲ್–ಮೇ ಬಿಸಿಲಿನಲ್ಲಿ ಜನ ಕಾಡು ಅಲೆದು ಆರಿಸಿ ತಂದ ಮುರುಗಲ ಹಣ್ಣಿನ ರಸ ಅದು. ಅದರಿಂದ ಸುಟ್ಟ ವಾಸನೆ ಬರುತ್ತಿದ್ದಾಗ ನನಗೂ ಹೊಟ್ಟೆ ಕಿವುಚಿದಂತಾಯಿತು. ಆದ್ದರಿಂದ ಬೈದದ್ದಕ್ಕೆ ನನಗೆ ಕೋಪವಿಲ್ಲ. ಇಲ್ಲ, ಕೋಪವಿದೆ. ಬೈದ ರೀತಿಗೆ ಇದೆ.

ಕಾರ್ಖಾನೆಯ ಸಲಹೆಗಾರರು ಬೆಂಗಳೂರಿನಿಂದ ಬೆಳಿಗ್ಗೆಯೇ ಬಂದಿದ್ದರಂತೆ. ನಾನು ಒಳಗೆ ಹೋದಾಗ ಅವರು ಮೆಟ್ಟಿಲ ಮೇಲೆ ನಿಂತು ಕಲಕುವ ಯಂತ್ರದ ಶಾಫ್ಟ್ ತಿರುಗುವುದನ್ನು ನೋಡುತ್ತಿದ್ದರು. ಕೆಳಗಿಳಿದರು, ನನ್ನ ಹೆಸರು ಕೇಳಲಿಲ್ಲ. ಎಡಗೈಯಿಂದ ಗಡಿಯಾರ ಬಿಚ್ಚಿ, ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು, ನನ್ನ ಮೂಗಿಗೆ ಒಂದು ಗೇಣು ದೂರದಲ್ಲಿ ಎತ್ತಿ ಹಿಡಿದರು. "ಏನ್ರೀ, ಗಡಿಯಾರ ನೋಡೋಕೆ ಬರುತ್ತಾ ನಿಮಗೆ? ಮುಳ್ಳು ಯಾವ ಕಡೆ ತಿರುಗ್ತಿದೆ, ಎಲ್ಲರಿಗೂ ಕೇಳೋ ಹಾಗೆ ಹೇಳಿ" ಎಂದರು. ಬಾಟಲಿ ತೊಳೆಯುವ ಹೆಂಗಸರು ಕೈ ನಿಲ್ಲಿಸಿದರು. ನನ್ನ ಜೊತೆ ಕೆಲಸ ಕಲಿಯಲು ಬರುವ ಹುಡುಗ ಸ್ಪ್ಯಾನರ್ ಹಿಡಿದು ಪಕ್ಕದಲ್ಲೇ ನಿಂತಿದ್ದ. ಗಡಿಯಾರದ ಗಾಜಿನೊಳಗೆ ಸಣ್ಣ ಹಬೆ ಕಟ್ಟಿತ್ತು, ಸೆಕೆಂಡಿನ ಕೆಂಪು ಮುಳ್ಳು ಎಂಟನ್ನು ದಾಟಿ ಒಂಬತ್ತರ ಕಡೆಗೆ ಹೋಗುತ್ತಿತ್ತು. ಅಷ್ಟು ಚೆನ್ನಾಗಿ ನನಗೆ ನೆನಪಿದೆ, ಏಕೆಂದರೆ ಅವರ ಮುಖ ನೋಡಲಾಗದೆ ನಾನು ಅದನ್ನೇ ನೋಡುತ್ತಿದ್ದೆ. "ಬಲಕ್ಕೆ, ಸರ್" ಎಂದೆ. "ಜೋರಾಗಿ" ಎಂದರು. ಮತ್ತೆ ಹೇಳಿದೆ.

ಆ ಎರಡನೆಯ ಸಲದ ಉತ್ತರವೇ ನನ್ನನ್ನು ಸುಡುತ್ತಿದೆ. ಮೊದಲನೆಯದನ್ನು ಮರ್ಯಾದೆಗಾಗಿ ಹೇಳಿದೆ ಎಂದುಕೊಳ್ಳಬಹುದು. ಎರಡನೆಯದನ್ನು ಏಕೆ ಹೇಳಿದೆ?

ಬಲಕ್ಕೆ ತಿರುಗಬೇಕಾದ ಕಲಕುವ ರೆಕ್ಕೆ ಎಡಕ್ಕೆ ತಿರುಗುತ್ತಿತ್ತು ಎಂಬ ಅವರ ಮಾತು ಸರಿಯಾಗಿಯೇ ಇತ್ತು. ಆದರೆ ಎಂಟು ದಿನಗಳ ಹಿಂದೆ ಅದೇ ಟ್ಯಾಂಕಿಗೆ ನೀರು ತುಂಬಿ, ಓಡಿಸಿ ತೋರಿಸಿ, ತಿರುಗುವ ದಿಕ್ಕನ್ನು ಬರೆದು, ಸಹಿ ಹಾಕಿಸಿಕೊಂಡು ಹೋದವನು ನಾನು. ಮೊದಲನೆಯ ಬ್ಯಾಚು, ಪಾಕದ ಸಕ್ಕರೆ ಅಳೆಯುವ ಲೆಕ್ಕದಲ್ಲಿ, 65 ಬ್ರಿಕ್ಸಿಗೆ ಸರಿಯಾಗಿ ಬಂದು ಬಾಟಲಿಗೂ ಹೋಗಿತ್ತು. ಹಾಗಾದರೆ ನಾನು ರಾತ್ರಿ ಗೋಡೆ ಹಾರಿ ಬಂದು ತಂತಿ ಬದಲಿಸಿ ಹೋದೆನೆ? ಮಂಗಳವಾರದ ಗಾಳಿಮಳೆಗೆ ಮರ ಬಿದ್ದು ಕರೆಂಟಿನ ಲೈನು ತುಂಡಾಗಿತ್ತು, ಬುಧವಾರ ಮಧ್ಯಾಹ್ನ ಜೋಡಿಸಿದರು. ಮೋಟಾರಿಗೆ ಕರೆಂಟು ತರುವ ಮೂರು ಫೇಸು ತಂತಿಗಳಲ್ಲಿ ಯಾವ ಎರಡು ಅದಲುಬದಲಾದರೂ ಮೋಟಾರು ಉಲ್ಟಾ ತಿರುಗುತ್ತದೆ. ಮಲೆನಾಡಿನಲ್ಲಿ ತೋಟಕ್ಕೆ ಪಂಪು ಇಟ್ಟುಕೊಂಡ ಯಾರನ್ನಾದರೂ ಕೇಳಿ, ಮಳೆಗಾಲದಲ್ಲಿ ಲೈನು ರಿಪೇರಿಯಾದ ಮೇಲೆ ನೀರು ಕಡಿಮೆ ಬಂದರೆ ಮೊದಲು ನೋಡುವುದೇ ಇದನ್ನು. ಮಾಲೀಕರೂ ಅಡಿಕೆ ತೋಟದವರೇ. ತಮ್ಮ ತೋಟದಲ್ಲಾದರೆ ಅವರೇ ಎರಡು ತಂತಿ ಬದಲಿಸಿಕೊಳ್ಳುತ್ತಿದ್ದರು. ಇವತ್ತು ಮಾತ್ರ ಬಾಗಿಲ ಬಳಿ ನಿಂತು ಮೊಬೈಲು ನೋಡುತ್ತಿದ್ದರು.

ಪಂಪಾದರೆ ನೀರು ಕಡಿಮೆಯಾಗಿ ತಾನೇ ಹೇಳುತ್ತದೆ. ಅಜಿಟೇಟರ್, ಅಂದರೆ ಈ ಕಲಕುವ ಯಂತ್ರ, ಹೇಳುವುದಿಲ್ಲ, ಅದೇ ಇದರ ಕಷ್ಟ. ನಿಮಿಷಕ್ಕೆ 1440 ಸುತ್ತಿನ ಮೋಟಾರು, ವೇಗವನ್ನು 15ಕ್ಕೆ 1ರಂತೆ ತಗ್ಗಿಸುವ ಗೇರ್‌ಬಾಕ್ಸು, ಕೆಳಗೆ 96 ಸುತ್ತಿನಲ್ಲಿ ತಿರುಗುವ ನಾಲ್ಕು ರೆಕ್ಕೆಗಳು, ಒಂದೊಂದೂ 45 ಡಿಗ್ರಿ ಓರೆ. ಬಲಕ್ಕೆ ತಿರುಗಿದರೆ ಆ ಓರೆ ಪಾಕವನ್ನು ಕೆಳಕ್ಕೆ ತಳ್ಳುತ್ತದೆ. ಪಾಕ ತಳಕ್ಕೆ ಬಡಿದು, ಸಕ್ಕರೆಯನ್ನು ಎಬ್ಬಿಸಿಕೊಂಡು, ಟ್ಯಾಂಕಿನ ಗೋಡೆಗೆ ಉದ್ದಕ್ಕೆ ಕೂರಿಸಿದ ಬ್ಯಾಫಲ್ ಪಟ್ಟಿಗಳನ್ನು ಹಿಡಿದು ಮೇಲೇರುತ್ತದೆ. ಎಡಕ್ಕೆ ತಿರುಗಿದರೆ ಅದೇ ರೆಕ್ಕೆ ಪಾಕವನ್ನು ಮೇಲಕ್ಕೆ ಎಳೆಯುತ್ತದೆ, ಸಕ್ಕರೆ ಕೆಳಗೇ ಕೂರುತ್ತದೆ. ಮೇಲಿನಿಂದ ಇಣುಕಿದವರಿಗೆ ಎರಡು ಸಲವೂ ಪಾಕ ಚೆನ್ನಾಗಿ ಕುಣಿಯುತ್ತಿರುವಂತೆಯೇ ಕಾಣುತ್ತದೆ. ಅದಕ್ಕಾಗಿಯೇ ಗೇರ್‌ಬಾಕ್ಸಿನ ತಲೆಯ ಮೇಲೆ ನಾನು ಕೆಂಪು ಬಣ್ಣದಲ್ಲಿ ಬಾಣ ಬರೆದಿದ್ದೆ. ಸೂರಿನಿಂದ ನೀರು ತೊಟ್ಟಿಕ್ಕುತ್ತದೆ ಎಂದು ಯಾರೋ ಅದರ ಮೇಲೆ ಸಕ್ಕರೆಯ ಖಾಲಿ ಚೀಲ ಮುಚ್ಚಿ ಸುತ್ತಲೂ ದಾರ ಕಟ್ಟಿದ್ದರು. ಗಡಿಯಾರ ಬಿಚ್ಚಿದವರು ಆ ಚೀಲ ಎತ್ತಿ ನೋಡಿದ್ದರೆ ಸಾಕಿತ್ತು.

ಬಾಟಲಿ ತೊಳೆಯುವವರಲ್ಲಿ ವಯಸ್ಸಾದ ಒಬ್ಬ ಅಕ್ಕ ಆಮೇಲೆ ನನ್ನ ಹತ್ತಿರ ಬಂದು, "ಬುಧವಾರದಿಂದ ನಲ್ಲೀಲಿ ನೀರೇ ರಭಸವಾಗಿ ಬರ್ತಿಲ್ಲ ಅಣ್ಣಾ, ಹೇಳಿದ್ರೆ ಯಾರೂ ಕೇಳಲಿಲ್ಲ" ಎಂದರು. ಉತ್ತರ ಅಲ್ಲೇ ಇತ್ತು. ತೊಳೆಯುವ ನೀರಿನ ಪಂಪೂ ಅದೇ ಲೈನಿನದು, ಅದೂ ಉಲ್ಟಾ ತಿರುಗುತ್ತಿತ್ತು. ನಲ್ಲಿಯ ಮುಂದೆ ಕುಳಿತವರಿಗೆ ಮೂರು ದಿನಗಳಿಂದ ಗೊತ್ತಿದ್ದ ವಿಷಯ ಮೆಟ್ಟಿಲ ಮೇಲೆ ನಿಂತವರಿಗೆ ಗೊತ್ತಾಗಲಿಲ್ಲ.

ಇನ್ನೊಂದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ಎರಡನೆಯ ಬ್ಯಾಚಿನ ದಿನ ಯಂತ್ರ ನಿಲ್ಲಿಸಿಟ್ಟು ಸಕ್ಕರೆಯ ಚೀಲಗಳನ್ನು ಒಂದೇ ಸಲ ಸುರಿದಿದ್ದಾರೆ. ಹುಡುಗರೇ ನನಗೆ ಹೇಳಿದರು. ಕಲಕಲು ಶುರುಮಾಡಿ ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸಕ್ಕರೆ ಹಾಕಬೇಕು, ತಳದ ಹಬೆಯನ್ನು ಕೊನೆಗೆ ಬಿಡಬೇಕು ಎಂದು ಮೂರು ಸಲ ಹೇಳಿಕೊಟ್ಟಿದ್ದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಲೆಕ್ಕದ ಜೊತೆಗೆ ತುತ್ತದ ನೀರನ್ನೇ ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಕ್ಕೆ ಹೊಯ್ಯಬಾರದು ಎಂದು ಕಟ್ಟುನಿಟ್ಟಾಗಿ ಪಾಲಿಸುವ ಸೀಮೆ ಇದು. ಹಾಳಾದರೆ ಫಸಲು ಹೋಗುತ್ತದೆ ಎಂಬ ಭಯವಿದೆ. ಸ್ಟೀಲಿನ ಟ್ಯಾಂಕಿಗೆ ಬಂದ ಕೂಡಲೇ ಸ್ವಿಚ್ಚು ಒತ್ತಿದರೆ ಎಲ್ಲವೂ ತಾನೇ ಬೆರೆಯುತ್ತದೆ ಎಂದು ಏಕೆ ತಿಳಿಯುತ್ತಾರೆ?

ಫೇಸ್ ಬದಲಾದರೆ ಮೋಟಾರು ಶುರುವಾಗದಂತೆ ತಡೆಯುವ ರಿಲೇ ಎಂಬ ವಸ್ತು ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ನನ್ನ ಕೊಟೇಶನ್ನಿನ ಏಳನೆಯ ಸಾಲಿನಲ್ಲಿ ಅದಿತ್ತು. ನೀಲಿ ಪೆನ್ನಿನಲ್ಲಿ ಹೊಡೆದು ಹಾಕಿ, ಪಕ್ಕದಲ್ಲಿ "ಬೇಡ" ಎಂದು ಬರೆದು ವಾಪಸು ಕೊಟ್ಟರು. ಆ ಹಾಳೆ ಈಗಲೂ ನನ್ನ ಹತ್ತಿರವಿದೆ. ಅಕ್ಷರ ಯಾರದೆಂದು ನಾನು ಹೇಳುವುದಿಲ್ಲ, ಹೇಳಿದರೆ ಉಳಿದ ಹತ್ತು ಪರ್ಸೆಂಟ್ ಹಣವೂ ಬರುವುದಿಲ್ಲ. ಹೇಳದಿದ್ದರೂ ಬರುವುದಿಲ್ಲ ಎಂದು ಈಗ ಅನ್ನಿಸುತ್ತಿದೆ, ಹಾಳಾದ ಸಕ್ಕರೆಯ ಲೆಕ್ಕವನ್ನು ಅದರಲ್ಲೇ ಮುರಿದುಕೊಳ್ಳುತ್ತೇವೆ ಎಂದು ಸೂಪರ್‌ವೈಸರು ಹೊರಡುವಾಗ ಮೆಲ್ಲಗೆ ತಿಳಿಸಿದ್ದಾರೆ.

ಇರಲಿ, ಸಣ್ಣ ಕಂಟ್ರಾಕ್ಟರು ಎಂದ ಮೇಲೆ ಇದೆಲ್ಲ ಇರುವುದೇ. ತಗ್ಗಿ ನಡೆಯಬೇಕು. ಆದರೆ ಏಕೆ ತಗ್ಗಬೇಕು? ಪಕ್ಕದ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗಿಸಿದ ನೆಲ ಇದು, ನನಗೆ ಅಲೈನ್‌ಮೆಂಟ್, ಅಂದರೆ ಶಾಫ್ಟು ನೇರವಾಗಿ ಕೂತಿದೆಯೇ ಎಂದು, ನೋಡಲು ಕಲಿಸಿದ ಮೇಸ್ತ್ರಿ ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಶಾಫ್ಟಿನ ಕೊನೆಯಲ್ಲಿ ಕೂದಲೆಳೆಯಷ್ಟು ಅಲುಗಾಟ ಕಂಡರೂ ಬಿಚ್ಚಿಸಿ ಮತ್ತೆ ಕೂರಿಸುತ್ತಿದ್ದರು, ಒಂದು ದಿನವೂ ಏಕವಚನದಲ್ಲಿ ಕರೆಯಲಿಲ್ಲ.

ಯಾರಾದರೂ ನನಗೆ ಉತ್ತರ ಹೇಳಿ. ಲೈನು ಕೆಟ್ಟು ಸರಿಯಾದ ಪ್ರತಿ ಸಲವೂ ಮೋಟಾರಿನ ದಿಕ್ಕು ನೋಡಬೇಕಾದವರು ಯಾರು? ಕೂರಿಸಿ ಹೋದವನೋ, ದಿನವೂ ಓಡಿಸುವವರೋ, ಸಲಹೆಗೆ ಶುಲ್ಕ ತೆಗೆದುಕೊಳ್ಳುವವರೋ? ಓಡಿಸುವವರು ಎನ್ನುವುದಾದರೆ ಅದನ್ನು ಅವರಿಗೆ ಗೋಡೆಯ ಮೇಲೆ ಬರೆದು ಕೊಡಬೇಕಾದವರು ಯಾರು?

ಟರ್ಮಿನಲ್ ಬಾಕ್ಸ್ ತೆಗೆದು ಎರಡು ತಂತಿ ಅದಲುಬದಲು ಮಾಡಿ ಮುಚ್ಚಲು ನನಗೆ ಐದು ನಿಮಿಷವೂ ಹಿಡಿಯಲಿಲ್ಲ. ಪಂಪಿನದನ್ನೂ ಹಾಗೆಯೇ ಮಾಡಿದೆ, ಅದಕ್ಕೆ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಸಲಹೆಗಾರರು ಗಡಿಯಾರ ಕಟ್ಟಿಕೊಂಡು ಕಾಫಿಗೆ ಹೋಗಿದ್ದರು. ಬೈಕಿನಲ್ಲಿ ವಾಪಸು ಬರುವಾಗ ತುಂಗಾ ಸೇತುವೆಯವರೆಗೂ ಹುಡುಗ ಮಾತಾಡಲಿಲ್ಲ. ಸೇತುವೆಯ ಮೇಲೆ, "ಅಣ್ಣಾ, ಬಾಣ ತೋರಿಸಬೇಕಿತ್ತು ನೀವು" ಎಂದ. ಹೌದು, ತೋರಿಸಬೇಕಿತ್ತು. ಆ ಹೊತ್ತಿಗೆ ನನ್ನ ಕೈ ಏಳಲಿಲ್ಲ.

ಆ ಗೇಟಿನೊಳಗೆ ಇನ್ನು ಕಾಲಿಡುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಎರಡನೆಯ ಟ್ಯಾಂಕಿನ ಶಾಫ್ಟು ಇನ್ನೂ ಅಲ್ಲೇ ನೆಲದ ಮೇಲೆ ಮಲಗಿದೆ. ಬಾಗುವ ಮೊದಲು ಅದನ್ನು ಎತ್ತಿ ಕೂರಿಸಬೇಕು, ನಾಳೆ ಎಂಟು ಗಂಟೆಗೆ ಬರುತ್ತೇನೆ ಎಂದು ಹುಡುಗನಿಗೆ ಹೇಳಿದ್ದೇನೆ.