ಶೇಕಡಾ 14 ಟೆಂಡರ್ ಮತ, ಮರುಮತದಾನ: ಒಂದು ಸ್ಪಷ್ಟನೆ

ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರೂ ಆಧಾರ್ ತೋರಿಸಿ ‘ಚಾಲೆಂಜ್ ಮತ’ ಹಾಕಬಹುದು, ಮತಗಟ್ಟೆಯಲ್ಲಿ ಶೇಕಡಾ 14ಕ್ಕಿಂತ ಹೆಚ್ಚು ಟೆಂಡರ್ ಮತ ಬಿದ್ದರೆ ಮರುಮತದಾನ ನಡೆಯುತ್ತದೆ ಎಂಬ ಸಂದೇಶ ಮಂಜೇಶ್ವರ, ಕಾಸರಗೋಡು ಕಡೆಯ ವಾಟ್ಸಾಪ್ ಬಳಗಗಳಲ್ಲಿ ಹರಿದಾಡುತ್ತಿದೆ. ಎರಡೂ ಸರಿಯಲ್ಲ.

1961ರ ಚುನಾವಣಾ ನಿಯಮಗಳಲ್ಲಿ ‘ಚಾಲೆಂಜ್’ ಎಂದರೆ ಮತ ಹಾಕಲು ಬಂದವರ ಗುರುತನ್ನು ಏಜೆಂಟರು ಎರಡು ರೂಪಾಯಿ ಠೇವಣಿಯಿಟ್ಟು ಪ್ರಶ್ನಿಸುವ ಕ್ರಮ. ಅದು ಹೆಸರಿಲ್ಲದವರಿಗೆ ತೆರೆದ ದಾರಿಯಲ್ಲ. ತಮ್ಮ ಹೆಸರಿನಲ್ಲಿ ಬೇರೆ ಯಾರೋ ಮೊದಲೇ ಮತ ಹಾಕಿಹೋಗಿದ್ದರೆ, ನಿಜವಾದ ಮತದಾರರಿಗೆ ನಿಯಮ 49ಪಿ ಪ್ರಕಾರ ಯಂತ್ರದ ಬದಲು ಕಾಗದದ ಮತಪತ್ರ ಕೊಟ್ಟು, ಗುರುತು ಹಾಕಿದ ಮೇಲೆ ಅದನ್ನು ಪ್ರತ್ಯೇಕ ಲಕೋಟೆಯಲ್ಲಿಡುತ್ತಾರೆ. ಇದೇ ಟೆಂಡರ್ ಮತ. ಸಾಮಾನ್ಯ ಎಣಿಕೆಗೆ ಅದು ಸೇರುವುದಿಲ್ಲ. ಶೇಕಡಾ 14ರ ಮಿತಿ ನಿಯಮದಲ್ಲಿಲ್ಲ.

ಸಂದೇಶದಲ್ಲಿರುವ 49ಪಿ ಎಂಬ ನಿಯಮದ ಸಂಖ್ಯೆ ನಿಜವಾಗಿರುವುದರಿಂದಲೇ ಉಳಿದ ಸುಳ್ಳನ್ನೂ ಜನ ನಂಬುತ್ತಾರೆ. ಭಾವ ಕಳುಹಿಸಿದ್ದು, ಶಾಲಾ ಬಳಗದಲ್ಲಿ ಬಂದದ್ದು ಒಂದೇ ಆದಾಗ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಮರಳಿ ಮರಳಿ ಕೇಳಿದ ಹೇಳಿಕೆ ಹೆಚ್ಚು ನಿಜವೆಂದು ತೋರುವುದನ್ನು ಮನಃಶಾಸ್ತ್ರಜ್ಞರು 1977ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ಮಂಜೇಶ್ವರದ 2016ರ ವಿಧಾನಸಭಾ ಫಲಿತಾಂಶ ನಿರ್ಧಾರವಾದದ್ದು 89 ಮತಗಳ ಅಂತರದಲ್ಲಿ. ಇಂಥಲ್ಲಿ ಆಧಾರ್ ಇದೆಯಲ್ಲ ಎಂದು ಪಟ್ಟಿ ನೋಡದೆ ಕುಳಿತವರ ನಷ್ಟ ಸಣ್ಣದಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಹೆಸರು ಸೇರಿಸಲು ಬರುವುದಿಲ್ಲ.