ಡೆರ್ರಿಯ ಗೋಡೆಬರಹ, ನಮ್ಮೂರಿನ ಚೀಟಿ

ನಾನು ಎಂಟು ವರ್ಷಗಳಿಂದ ಇರುವ ಡೆರ್ರಿ, ಉತ್ತರ ಐರ್ಲೆಂಡಿನ ಎರಡನೆಯ ದೊಡ್ಡ ಊರು. ಹಾಗೆಂದಕೂಡಲೇ ನಮ್ಮ ಕಡೆಯವರು ಹುಬ್ಬಳ್ಳಿಯಷ್ಟನ್ನಾದರೂ ಊಹಿಸಿಕೊಳ್ಳುತ್ತಾರೆ. ಇಲ್ಲಿನ ಜನಸಂಖ್ಯೆ ಸುಮಾರು 85 ಸಾವಿರ. ಸಂತೆಗೆ ಹೋದರೆ ನಾಲ್ಕು ಜನ ಪರಿಚಯದವರು ಸಿಕ್ಕೇ ಸಿಗುವ, ಯಾರ ಮಗ ಯಾವ ಕೆಲಸ ಬಿಟ್ಟ ಎಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿಯುವ ಊರು. ಸಾಗರದಲ್ಲಿ ಬೆಳೆದ ನನಗೆ ಇಲ್ಲಿ ಹೊಂದಿಕೊಳ್ಳುವುದು ಕಷ್ಟವಾಗದೇ ಇದ್ದುದಕ್ಕೆ ಮಳೆಯಷ್ಟೇ ಇದೂ ಕಾರಣ.

ಈ ಊರಿನ ಕ್ರೆಗನ್ ಮತ್ತು ಬಾಗ್‌ಸೈಡ್ ಕೇರಿಗಳ ಐವರು ಹುಡುಗರು ಎಪ್ಪತ್ತರ ದಶಕದ ನಡುವಿನಲ್ಲಿ ಕಟ್ಟಿಕೊಂಡ ಪಂಕ್ (ಒರಟು, ವೇಗದ ರಾಕ್ ಸಂಗೀತ) ತಂಡ ‘ದಿ ಅಂಡರ್‌ಟೋನ್ಸ್’. ಗಿಟಾರಿಗೆ ಜಾನ್ ಮತ್ತು ಡೇಮಿಯನ್ ಓನೀಲ್ ಎಂಬ ಅಣ್ಣತಮ್ಮಂದಿರು, ಬಾಸ್‌ಗೆ ಮೈಕಲ್ ಬ್ರಾಡ್ಲಿ, ಡ್ರಮ್ಸಿಗೆ ಬಿಲ್ಲಿ ಡಾಹರ್ಟಿ. ಹಾಡುವವನು ಫರ್ಗಲ್ ಶಾರ್ಕಿ. ಬಾಲಕನಾಗಿದ್ದಾಗ ‘ಫೆಷ್’ ಎನ್ನುವ ಇಲ್ಲಿನ ಸಾಂಪ್ರದಾಯಿಕ ಗಾಯನ ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದಿದ್ದವನು. ನಮ್ಮಲ್ಲಿ ದಸರೆಯ ಭಾವಗೀತೆ ಸ್ಪರ್ಧೆಯಲ್ಲಿ ಪ್ರತಿವರ್ಷ ಕಪ್ಪು ತರುತ್ತಿದ್ದ ಹುಡುಗ ಒಂದು ದಿನ ಜೀನ್ಸ್ ಮಡಚಿಕೊಂಡು ಬಂದು ವೇದಿಕೆಯಲ್ಲಿ ಅರಚತೊಡಗಿದರೆ ನೆಂಟರಿಷ್ಟರು ಏನೆನ್ನುತ್ತಿದ್ದರು ಎಂಬುದನ್ನು ಊಹಿಸಿಕೊಂಡರೆ ಡೆರ್ರಿಯ ಮೊದಲ ಪ್ರತಿಕ್ರಿಯೆ ಅರ್ಥವಾಗುತ್ತದೆ.

ಆ ಪ್ರತಿಕ್ರಿಯೆ ಗೋಡೆಯ ಮೇಲೆಯೇ ಬಂತು. ಅಂಡರ್‌ಟೋನ್ಸ್ ಅಂದರೆ ಹೇಲು ಎಂದು ಯಾರೋ ಬಣ್ಣದಲ್ಲಿ ಗೀಚಿದ್ದರು; ಅದರ ಮುಂದಿದ್ದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಹುಡುಗರು ಅದನ್ನು ಅಳಿಸಲೂ ಇಲ್ಲ, ನೊಂದುಕೊಂಡು ಮನೆ ಸೇರಲೂ ಇಲ್ಲ. 1978ರಲ್ಲಿ ಬೆಲ್‌ಫಾಸ್ಟಿನ ಟೆರ್ರಿ ಹೂಲಿ ತಮ್ಮ ‘ಗುಡ್ ವೈಬ್ರೇಷನ್ಸ್’ ಸಂಸ್ಥೆಯಿಂದ ಇವರ ಮೊದಲ ರೆಕಾರ್ಡನ್ನು ಹೊರತಂದಾಗ, ಅದೇ ಗೋಡೆಯ ಫೋಟೊವನ್ನು ಅದರ ಹೊದಿಕೆಯ ಮೇಲೆ ಅಚ್ಚು ಹಾಕಿಸಿದರು. ಆ ರೆಕಾರ್ಡಿನ ಮೊದಲ ಹಾಡೇ ‘ಟೀನೇಜ್ ಕಿಕ್ಸ್’. ಧ್ವನಿಮುದ್ರಣಕ್ಕೆ ಆದ ಖರ್ಚು 200 ಪೌಂಡ್. ಲಂಡನ್ನಿನ ಕಂಪನಿಗಳಿಗೆ ಅದು ಬೇಕಾಗಲಿಲ್ಲ. ಆದರೆ ಬಿಬಿಸಿ ರೇಡಿಯೊದ ಜಾನ್ ಪೀಲ್ ಆ ವರ್ಷದ ಸೆಪ್ಟೆಂಬರಿನ ಒಂದು ರಾತ್ರಿ ಅದನ್ನು ಒಂದರ ಹಿಂದೊಂದು ಎರಡು ಬಾರಿ ಹಾಕಿದರು. ಕೆಲವೇ ದಿನಗಳಲ್ಲಿ ಅಮೆರಿಕದ ಸೈರ್ ಕಂಪನಿ ಒಪ್ಪಂದ ಮಾಡಿಕೊಂಡಿತು. ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 31ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಆದರೂ ಪೀಲ್ ಪಾಲಿಗೆ ಅದು ಜೀವಮಾನದ ಹಾಡಾಯಿತು. ಅವರ ಸಮಾಧಿಯ ಕಲ್ಲಿನ ಮೇಲೆ ಕೆತ್ತಿರುವುದು ಅದರದೇ ಸಾಲು.

ಇಲ್ಲಿಂದ ವಿಮರ್ಶಕರ ಕಥೆ ಆರಂಭವಾಗುತ್ತದೆ. ನನಗೆ ಊರವರ ಬೈಗುಳಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಈ ವಿಮರ್ಶಕರ ಮೆಚ್ಚುಗೆ. ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷ್ ಆಳ್ವಿಕೆಯ ಪರ-ವಿರೋಧದ ಹಿಂಸೆ ಹೊತ್ತಿ ಉರಿಯುತ್ತಿದ್ದ ಕಾಲವದು. 1972ರ ಜನವರಿ 30ರಂದು ಮೆರವಣಿಗೆ ಹೊರಟ ನಿರಾಯುಧರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ 13 ಜನರನ್ನು ಸ್ಥಳದಲ್ಲಿಯೇ ಕೊಂದದ್ದು ಇದೇ ಬಾಗ್‌ಸೈಡಿನಲ್ಲಿ. ಅಂಥ ಊರಿನ ಹುಡುಗರು ಸಿಟ್ಟಿನಿಂದ ಕುದಿಯುತ್ತ ಬಂದೂಕು, ಬಾಂಬು, ಮುಳ್ಳುತಂತಿಗಳನ್ನು ಹಾಡಬೇಕಲ್ಲವೆ? ಬೆಲ್‌ಫಾಸ್ಟಿನ ‘ಸ್ಟಿಫ್ ಲಿಟಲ್ ಫಿಂಗರ್ಸ್’ ಹಾಡುತ್ತಿತ್ತು. ಒಬ್ಬ ಪತ್ರಕರ್ತರೇ ಜೊತೆಗೂಡಿ ಆ ತಂಡಕ್ಕೆ ಸಾಹಿತ್ಯ ಬರೆಯುತ್ತಿದ್ದರು. ಅಂಡರ್‌ಟೋನ್ಸ್ ಮಾತ್ರ ಹುಡುಗಿಯರು, ಬೇಸಿಗೆ, ಎಲ್ಲದರಲ್ಲೂ ಮುಂದಿರುವ ಚಿಕ್ಕಪ್ಪನ ಮಗ ಎಂದು ಹಾಡಿಕೊಂಡಿತ್ತು. ಸಂದರ್ಶನಕ್ಕೆ ಬಂದವರೆಲ್ಲ ಯಾಕೆ ನಿಮ್ಮ ಹಾಡಿನಲ್ಲಿ ಗಲಭೆ ಇಲ್ಲ ಎಂದು ಕೇಳಿದ್ದೇ ಕೇಳಿದ್ದು. 1980ರ ಎರಡನೆಯ ಆಲ್ಬಮ್ಮಿನ ಮೊದಲ ಹಾಡಿಗೆ ಅವರು ಇಟ್ಟ ಹೆಸರಿನ ಅರ್ಥ ‘ಚಾಕೊಲೇಟು ಮತ್ತು ಹುಡುಗಿಯರ ಬಗ್ಗೆ ಇನ್ನಷ್ಟು ಹಾಡುಗಳು’. ಉತ್ತರವೆಂದರೆ ಹೀಗಿರಬೇಕು.

ಚಿಕ್ಕಪ್ಪನ ಮಗನ ಹಾಡು ಅದೇ ವರ್ಷ ಒಂಬತ್ತನೆಯ ಸ್ಥಾನಕ್ಕೇರಿತು. ಹಲವು ಪದವಿಗಳನ್ನು ಗಳಿಸಿದ, ಅಮ್ಮನ ಬಾಯಲ್ಲಿ ಸದಾ ಹೊಗಳಿಸಿಕೊಳ್ಳುವ ಆ ಹುಡುಗನ ಮೇಲಿನ ಹೊಟ್ಟೆಕಿಚ್ಚನ್ನು ಅರಿಯಲು ಐರಿಷ್ ಇತಿಹಾಸ ಬೇಕಾಗಿಲ್ಲ. ಪಿಯುಸಿ ಫಲಿತಾಂಶದ ದಿನ ಅತ್ತೆಯ ಮನೆಗೆ ಹೋಗಿ ಬಂದ ಯಾವ ಕನ್ನಡಿಗನಿಗೂ ಅದು ಗೊತ್ತು. ರಾಜಕೀಯ ಇಲ್ಲವೆಂದು ಮೂಗುಮುರಿದವರು ಇನ್ನೊಂದನ್ನು ಗಮನಿಸಬೇಕಿತ್ತು. 1981ರ ಮೇ ತಿಂಗಳಲ್ಲಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿ ಸೆರೆಯಾಗಿದ್ದ ಬಾಬಿ ಸ್ಯಾಂಡ್ಸ್ ಜೈಲಿನಲ್ಲಿ ಉಪವಾಸದಿಂದ ಸತ್ತಾಗ ಡೇಮಿಯನ್ ಓನೀಲ್ ಬಿಬಿಸಿಯ ಟಿವಿ ಕಾರ್ಯಕ್ರಮದಲ್ಲಿ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡೇ ಗಿಟಾರ್ ನುಡಿಸಿದರು. ಯಾರೂ ಕೇಳಿದ್ದಕ್ಕಲ್ಲ, ಅನ್ನಿಸಿದ್ದಕ್ಕೆ.

ಈಗ ನಮ್ಮ ಕಡೆಗೆ ಬರುತ್ತೇನೆ. ಇಪ್ಪತ್ತು ವರ್ಷಗಳ ಹಿಂದೆ ಕಾಲೇಜಿನ ನಾಲ್ವರು ಗೆಳೆಯರು ಕಟ್ಟಿದ್ದ ತಂಡದಲ್ಲಿ ನಾನು ವೈರು ಹೊರುವವನಾಗಿದ್ದೆ. ಅವರ ಸ್ವಂತ ಹಾಡು ಇದ್ದದ್ದು ಒಂದೇ: ಕೊನೆಯ ಬಸ್ಸು ತಪ್ಪಿಸಿಕೊಂಡು ಸ್ಟ್ಯಾಂಡಿನಲ್ಲಿ ಬೆಳಗು ಮಾಡಿದ್ದರ ಬಗ್ಗೆ. ಗಣಪತಿ ಪೆಂಡಾಲಿನಲ್ಲಿ ಅದರ ಎರಡನೆಯ ಚರಣ ಮುಗಿಯುವ ಮೊದಲೇ ಸಮಿತಿಯವರಿಂದ ಒಂದು ಚೀಟಿ ಕೈಯಿಂದ ಕೈಗೆ ದಾಟಿ ವೇದಿಕೆಗೆ ಬಂತು. ಗಣಪತಿ ಚಂದಾದ ರಸೀದಿಯ ಹಿಂಬದಿಯಲ್ಲಿ ನೀಲಿ ಪೆನ್ನಿನಲ್ಲಿ ಬರೆದದ್ದು: ‘ಗಲಾಟೆ ಸಾಕು. ಅಣ್ಣಾವ್ರ ಹಾಡು ಹಾಡಿ.’ ಡ್ರಮ್ಸ್ ಬಾರಿಸುತ್ತಿದ್ದ ಗೆಳೆಯ ಅದನ್ನು ಓದಿ, ಮಡಚಿ, ಜೇಬಿಗೆ ಹಾಕಿಕೊಂಡು, ಅಣ್ಣಾವ್ರ ಹಾಡಿಗೇ ಕಡ್ಡಿ ಎತ್ತಿದ. ಮುಂದೆ ಬೆಂಗಳೂರಿನ ಕಾಲೇಜೊಂದರ ಸ್ಪರ್ಧೆಗೆ ಹೋದಾಗ ತೀರ್ಪುಗಾರರೊಬ್ಬರು ಪ್ರೀತಿಯಿಂದಲೇ ಕೇಳಿದರು: ಮಲೆನಾಡಿನ ಹುಡುಗರು ನೀವು, ನಿಮ್ಮ ಹಾಡಿನಲ್ಲಿ ಮಳೆ ಎಲ್ಲಿ, ಮಣ್ಣಿನ ಸೊಗಡು ಎಲ್ಲಿ?

ಡೆರ್ರಿಯ ಹುಡುಗರಿಗೆ ಬಾಂಬು, ನಮ್ಮ ಹುಡುಗರಿಗೆ ಸೊಗಡು. ದೊಡ್ಡ ಊರಿನ ವಿಮರ್ಶಕನಿಗೆ ಸಣ್ಣ ಊರಿನವನಿಂದ ಬೇಕಾಗಿರುವುದು ಅವನ ಹಾಡಲ್ಲ, ಅವನ ವಿಳಾಸ. ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ಒಗ್ಗಿಸಿ ಗೆದ್ದದ್ದು ಅವರ ಸ್ವಂತ ದಾರಿ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಆಮೇಲೆ ಕನ್ನಡದ ಪ್ರತಿಯೊಂದು ತಂಡದವರಿಗೂ ಶರೀಫರ ಪದ ಬರುತ್ತದೆಯೇ ಎಂದು ಕೇಳುವುದು ವಾಡಿಕೆಯಾಯಿತು. ಬಸ್ಸು ತಪ್ಪಿದ ಹುಡುಗ ಕನ್ನಡದವನಲ್ಲವೆ?

ಊರವರ ವಿಷಯದಲ್ಲಿ ಎರಡು ಕಡೆಯ ರೀತಿ ಬೇರೆ. ಡೆರ್ರಿಯಲ್ಲಿ ತಮ್ಮವನು ಮೇಲೇರಿದರೆ ಕಾಲು ಹಿಡಿದು ಕೆಳಗೆಳೆಯುವ ಮಾತು ಎದುರಿಗೇ ಬರುತ್ತದೆ. ನನ್ನ ಸಹೋದ್ಯೋಗಿಯೊಬ್ಬರ ಮುಂದೆ ನಾನು ಈ ತಂಡವನ್ನು ಮೆಚ್ಚಿ ಮಾತನಾಡಿದಾಗ, ಅವರು ಟೀ ಕಪ್ಪಿನಿಂದ ಮುಖವೆತ್ತದೆ ‘ಹೂಂ, ಪರವಾಗಿಲ್ಲ’ ಎಂದರು. ಆ ಊರಿನ ಬಾಯಲ್ಲಿ ಇದು ಬಿರುದಿಗೆ ಸಮ. ನಮ್ಮಲ್ಲಿ ಮೊದಲು ಹಿತ್ತಲ ಗಿಡ ಮದ್ದಲ್ಲ; ಟಿವಿಯಲ್ಲಿ ಒಮ್ಮೆ ಮುಖ ಕಂಡಕೂಡಲೇ ಅದೇ ಗಿಡಕ್ಕೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಬಸ್‌ಸ್ಟ್ಯಾಂಡಿನೆದುರು ‘ಊರಿಗೆ ಕೀರ್ತಿ ತಂದ’ ಎಂಬ ಫ್ಲೆಕ್ಸು. ಆ ಫ್ಲೆಕ್ಸಿನಲ್ಲಿ ಹಾಡುಗಾರನ ಮುಖಕ್ಕಿಂತ ಶುಭಕೋರುವವರ ಮುಖಗಳು ದೊಡ್ಡವು. ಹೀಗೆ ಹೊನ್ನಶೂಲಕ್ಕೇರಿಸಿಕೊಂಡವನು ಮರುವರ್ಷ ಒಂದು ಒರಟು ಹಾಡು ಬರೆಯುವುದಾದರೂ ಹೇಗೆ? ಗೋಡೆಯ ಮೇಲೆ ಬೈಸಿಕೊಂಡವನಿಗೆ ಕಳೆದುಕೊಳ್ಳಲು ಮಾನವೇ ಉಳಿದಿರುವುದಿಲ್ಲ, ಹಾಗಾಗಿ ಅವನು ಏನನ್ನು ಬೇಕಾದರೂ ಹಾಡಬಲ್ಲ. ಇದನ್ನು ಹೇಳುವಾಗ ಬೈಗುಳಕ್ಕೆ ಅಂಜಿ ಒಂದೂ ಹಾಡು ಬರೆಯದೆ ಹೋದ ಡೆರ್ರಿಯ ಹುಡುಗರನ್ನು ನಾನು ಮರೆತಿಲ್ಲ. ಅವರ ಕಥೆಯನ್ನು ಯಾವ ರೆಕಾರ್ಡಿನ ಹೊದಿಕೆಯೂ ಹೇಳುವುದಿಲ್ಲ. ಆದರೂ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದರೆ ನನಗೆ ಗೋಡೆಯೇ ಇರಲಿ.

ಅಂಡರ್‌ಟೋನ್ಸ್ ತಂಡ 1983ರಲ್ಲಿ ಒಡೆಯಿತು. ಶಾರ್ಕಿ ಒಬ್ಬರೇ ಹಾಡಿ ಹೆಸರು ಮಾಡಿದರು, ಈಗ ಇಂಗ್ಲೆಂಡಿನ ನದಿಗಳ ಮಾಲಿನ್ಯದ ವಿರುದ್ಧ ಹೋರಾಡುತ್ತಾರೆ. ಉಳಿದ ನಾಲ್ವರು 1999ರಲ್ಲಿ ಡೆರ್ರಿಯವರೇ ಆದ ಪಾಲ್ ಮೆಕ್‌ಲೂನ್ ಎಂಬ ಹೊಸ ಗಾಯಕನೊಡನೆ ಮತ್ತೆ ಕೂಡಿಕೊಂಡರು.

ಈ ಗೋಡೆಯ ಕಥೆಯನ್ನು ಕಳೆದ ತಿಂಗಳು ಫೋನಿನಲ್ಲಿ ಆ ಡ್ರಮ್ಸಿನ ಗೆಳೆಯನಿಗೆ ಹೇಳಿದೆ. ಅವನು ಈಗ ಸಾಗರದಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ ನಡೆಸುತ್ತಾನೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಚೀಟಿ ಇನ್ನೂ ಇದೆ ಮಾರಾಯ’ ಎಂದ. ಎಲ್ಲಿ ಎಂದು ಕೇಳಿದೆ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಂತೆ, ಲಕ್ಷ್ಮೀ ಪಟದ ಹಿಂದೆ.